ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್ ಗೆದ್ದವರಲ್ಲಿ ನಾಳಿನ ಚಾಂಪಿಯನ್ನರನ್ನು ಗುರುತಿಸಬಹುದೇ?

ಏರುದಾರಿ

2025ರ ಸೆಪ್ಟೆಂಬರ್‌ನಲ್ಲಿ ರುವಾಂಡಾದ ಕಿಗಾಲಿಯಲ್ಲಿ ನಡೆದ ರಸ್ತೆ ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಶಿಪ್, ಆಫ್ರಿಕಾ ಖಂಡದಲ್ಲಿ ಜರುಗಿದ ಮೊದಲನೆಯದು. ಎಲೀಟ್, ಅಂದರೆ ಹಿರಿಯರ ವಿಭಾಗದ ಪುರುಷರ ರೇಸನ್ನು ಸ್ಲೊವೇನಿಯಾದ ಪೊಗಾಚಾರ್ ಗೆದ್ದ ಬಗ್ಗೆ ಎಲ್ಲ ಕಡೆ ಸಾಕಷ್ಟು ಬರೆದಾಗಿದೆ. ಅದೇ ವಾರ, ಅದೇ ರಸ್ತೆಗಳಲ್ಲಿ ಸ್ಪರ್ಧಿಸಿದ ಕಿರಿಯರ ಬಗ್ಗೆ ಮಾತು ಕಡಿಮೆ. ಮಾತನಾಡಿದವರೂ ಒಂದೇ ಧಾಟಿ ಹಿಡಿದರು. ಜೂನಿಯರ್ (17–18 ವರ್ಷದವರ) ರೇಸ್ ಗೆದ್ದ ಬ್ರಿಟನ್ನಿನ ಹ್ಯಾರಿ ಹಡ್ಸನ್ ಮತ್ತು ಸ್ಪೇನಿನ ಪೌಲಾ ಓಸ್ತಿಸ್, 23 ವರ್ಷದೊಳಗಿನವರ ರೇಸ್ ಗೆದ್ದ ಇಟಲಿಯ ಲೊರೆಂಜೊ ಫಿನ್ ಮತ್ತು ಫ್ರಾನ್ಸಿನ ಸೆಲಿಯಾ ಜೆರಿ, ಈ ನಾಲ್ವರನ್ನೂ ಇನ್ನು ಹತ್ತು ವರ್ಷದ ಸೈಕ್ಲಿಂಗ್ ಇವರದೇ ಎಂಬಂತೆ ಪರಿಚಯಿಸಲಾಯಿತು.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನಂಬಿಕೊಂಡೇ ಎಲ್ಲರೂ ಈ ರೇಸುಗಳನ್ನು ನೋಡುತ್ತಾರೆ. ದಾಖಲೆಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದರೆ ಮಾತ್ರ ಗಾದೆ ಕುಂಟುತ್ತದೆ. 23 ವರ್ಷದೊಳಗಿನ ಪುರುಷರ ವಿಭಾಗ ಆರಂಭವಾದದ್ದು 1996ರಲ್ಲಿ, ಸ್ವಿಟ್ಜರ್ಲೆಂಡಿನ ಲುಗಾನೊ ನಗರದಲ್ಲಿ. ಅಲ್ಲಿಂದ 2025ರವರೆಗೆ ಆ ರಸ್ತೆ ರೇಸನ್ನು ಗೆದ್ದವರಲ್ಲಿ ಒಬ್ಬರೂ ಎಲೀಟ್ ರಸ್ತೆ ರೇಸಿನ ವಿಶ್ವ ಚಾಂಪಿಯನ್ ಆಗಿಲ್ಲ. ಇವಾನ್ ಬಾಸ್ಸೊ, ಮೈಕಲ್ ಮ್ಯಾಥ್ಯೂಸ್, ಅರ್ನೊ ಡೆಮಾರ್, ಮಾರ್ಕ್ ಹಿರ್ಶಿ ಅವರಂಥ ದೊಡ್ಡ ಹೆಸರುಗಳೇ ಆ ಪಟ್ಟಿಯಲ್ಲಿದ್ದರೂ ಪರಿಸ್ಥಿತಿ ಹೀಗಿದೆ. 1997ರಲ್ಲಿ ಚಿನ್ನ ಗೆದ್ದವರು ನಾರ್ವೆಯ ಕುರ್ಟ್ ಆಸ್ಲೆ ಆರ್ವೆಸೆನ್. ಮುಂದೆ 1999, 2001 ಮತ್ತು 2004ರಲ್ಲಿ ಮೂರು ಸಲ ಎಲೀಟ್ ಪಟ್ಟಕ್ಕೇರಿದವರು ಅಂದು ಬೆಳ್ಳಿ ಪಡೆದಿದ್ದ ಓಸ್ಕರ್ ಫ್ರೇರೆ. 2012ರಲ್ಲಿ ಜೂನಿಯರ್, 2013ರಲ್ಲಿ 23 ವರ್ಷದೊಳಗಿನವರ ಪಟ್ಟ, ಹೀಗೆ ಎರಡನ್ನೂ ಬೆನ್ನುಬೆನ್ನಿಗೆ ಗೆದ್ದ ಸ್ಲೊವೇನಿಯಾದ ಮಟೇಯ್ ಮೊಹೊರಿಚ್ ಅತ್ಯುತ್ತಮ ವೃತ್ತಿಪರ ಸವಾರರಾದರು, 2022ರಲ್ಲಿ ಮಿಲಾನ್–ಸಾನ್ ರೆಮೊ ಎಂಬ ಪ್ರತಿಷ್ಠಿತ ಒಂದು ದಿನದ ರೇಸ್ ಗೆದ್ದರು. ಅವರಿಗೂ ಎಲೀಟ್ ವಿಶ್ವ ಪಟ್ಟ ದಕ್ಕಿದ್ದು 2023ರಲ್ಲಿ, ಅದೂ ಗ್ರಾವೆಲ್ (ಜಲ್ಲಿ, ಮಣ್ಣಿನ ಹಾದಿಯ ರೇಸ್) ವಿಭಾಗದಲ್ಲಿ. ಫಿನ್ 2024 ಮತ್ತು 2025ರಲ್ಲಿ ಅದೇ ಜೋಡಿ ಸಾಧನೆಯನ್ನು ಮಾಡಿದ್ದಾರೆ.

ಈ ರೇಸುಗಳು ಚೆನ್ನಾಗಿಲ್ಲ ಎನ್ನುವುದು ನನ್ನ ವಾದವಲ್ಲ. ನನ್ನ ಮಟ್ಟಿಗೆ ಆ ವಾರದ ಅತ್ಯಂತ ರೋಚಕ ಗಂಟೆಗಳು ಕಿರಿಯರ ರೇಸುಗಳಲ್ಲೇ ಇರುತ್ತವೆ. ಅವುಗಳನ್ನು ಮುಂದಿನದರ ಮುನ್ಸೂಚನೆ ಎಂದು ಓದುವುದನ್ನು ಬಿಟ್ಟು, ಆ ದಿನ ಆ ರಸ್ತೆಯಲ್ಲಿ ನಡೆದದ್ದನ್ನಷ್ಟೇ ಏಕೆ ನೋಡಬಾರದು ಎಂಬುದು ನನ್ನ ಪ್ರಶ್ನೆ. ಅಭಿಪ್ರಾಯಭೇದ ಇರುವವರು ದಯವಿಟ್ಟು ಬರೆಯಿರಿ.

ಗಡಿಯಾರದ ಮುಳ್ಳು

ಏರುದಾರಿಯವರೇ, ನೀವು ಪುರುಷರ ರಸ್ತೆ ರೇಸನ್ನು ಮಾತ್ರ ಎತ್ತಿಕೊಂಡು ಇಡೀ ವ್ಯವಸ್ಥೆಯ ಮೇಲೆ ತೀರ್ಪು ಕೊಟ್ಟಿದ್ದೀರಿ. ಟೈಮ್ ಟ್ರಯಲ್, ಅಂದರೆ ಗಡಿಯಾರದ ವಿರುದ್ಧದ ಒಂಟಿ ಸ್ಪರ್ಧೆಯ ಕಡೆಗೆ ತಿರುಗಿ ನೋಡಿದರೆ ಚಿತ್ರ ಬೇರೆಯೇ ಇದೆ. ಫಾಬಿಯನ್ ಕಾನ್ಸೆಲಾರಾ 1998 ಮತ್ತು 1999ರಲ್ಲಿ ಜೂನಿಯರ್ ಟೈಮ್ ಟ್ರಯಲ್ ಗೆದ್ದರು. ಎಲೀಟ್ ವಿಭಾಗದಲ್ಲಿ ಅದೇ ಸ್ಪರ್ಧೆಯನ್ನು 2006, 2007, 2009 ಮತ್ತು 2010ರಲ್ಲಿ ಗೆದ್ದರು. ರೆಮ್ಕೊ ಎವೆನೆಪೂಲ್ 2018ರಲ್ಲಿ ಜೂನಿಯರ್ ಆಗಿ ಗೆದ್ದು, 2023ರಿಂದ 2025ರವರೆಗೆ ಮೂರು ವರ್ಷ ಸತತವಾಗಿ ಎಲೀಟ್ ಪಟ್ಟವನ್ನು ಬಿಟ್ಟುಕೊಡಲಿಲ್ಲ. 2022ರ ಜೂನಿಯರ್ ವಿಜೇತ ಜೋಶುವಾ ಟಾರ್ಲಿಂಗ್ ಮರುವರ್ಷವೇ, 19ನೆಯ ವಯಸ್ಸಿನಲ್ಲಿ, ಎಲೀಟ್ ಟೈಮ್ ಟ್ರಯಲ್‌ನಲ್ಲಿ ಕಂಚು ಪಡೆದರು. ಇಳಿಜಾರು ವೇದಿಕೆಯಿಂದ ಒಬ್ಬೊಬ್ಬರಾಗಿ ಹೊರಟು, ಯಾರ ಬೆನ್ನ ಹಿಂದೆಯೂ ಗಾಳಿ ಮರೆಸಿಕೊಳ್ಳದೆ, ತಮ್ಮ ಉಸಿರು ಮತ್ತು ಸಮಯದ ಲೆಕ್ಕವನ್ನು ಮಾತ್ರ ನಂಬಿ ಓಡುವ ಸ್ಪರ್ಧೆಯಲ್ಲಿ ಅದೃಷ್ಟದ ಪಾಲು ಕಡಿಮೆ. ಹಾಗಾಗಿ ಅದರ ಫಲಿತಾಂಶ ಹೆಚ್ಚು ಕಾಲ ಬಾಳುತ್ತದೆ.

ಮಹಿಳೆಯರ ವಿಭಾಗವನ್ನೂ ನೀವು ಮರೆತಂತಿದೆ. ನಿಕೋಲ್ ಕುಕ್ 2000 ಮತ್ತು 2001ರಲ್ಲಿ ಜೂನಿಯರ್ ರಸ್ತೆ ರೇಸ್ ಗೆದ್ದು 2008ರಲ್ಲಿ ಎಲೀಟ್ ಚಾಂಪಿಯನ್ ಆದರು. ಮರಿಯಾನ ವೋಸ್ 2004ರಲ್ಲಿ ಜೂನಿಯರ್ ಪಟ್ಟ ಗೆದ್ದು, ಕೇವಲ ಎರಡು ವರ್ಷದ ನಂತರ, 2006ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಎಲೀಟ್ ಪಟ್ಟ ಪಡೆದರು. ಕ್ಲೋಯಿ ಡೈಗರ್ಟ್ 2015ರಲ್ಲಿ ಜೂನಿಯರ್‌ನ ಎರಡೂ ಚಿನ್ನ (ರಸ್ತೆ ರೇಸ್ ಮತ್ತು ಟೈಮ್ ಟ್ರಯಲ್) ಗೆದ್ದು 2019 ಮತ್ತು 2023ರಲ್ಲಿ ಎಲೀಟ್ ಟೈಮ್ ಟ್ರಯಲ್ ಗೆದ್ದರು. ಪುರುಷರಲ್ಲೂ ಗ್ರೆಗ್ ಲೆಮಾಂಡ್, ಮಥ್ಯೂ ವಾನ್ ಡರ್ ಪೂಲ್, ಎವೆನೆಪೂಲ್ ಈ ಮೂವರು ಜೂನಿಯರ್ ರಸ್ತೆ ರೇಸ್ ಗೆದ್ದವರೇ ಮುಂದೆ ಎಲೀಟ್ ರಸ್ತೆ ರೇಸನ್ನೂ ಗೆದ್ದವರು. ಹಾಗಾಗಿ ಮೊಳಕೆಯಲ್ಲಿ ಸಿರಿ ಕಾಣುವುದೇ ಇಲ್ಲ ಎನ್ನುವುದು ಅತಿಯಾಯಿತು.

ಏರುದಾರಿ

ಟೈಮ್ ಟ್ರಯಲ್ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ನಿಮ್ಮ ಪಟ್ಟಿಯಲ್ಲಿರುವ 2013ರ ಜೂನಿಯರ್ ರೇಸನ್ನೇ ನೋಡಿ. ಫ್ಲಾರೆನ್ಸ್‌ನಲ್ಲಿ ಅಂದು ಗೆದ್ದವರು ವಾನ್ ಡರ್ ಪೂಲ್, ಎರಡನೆಯವರು ಡೆನ್ಮಾರ್ಕಿನ ಮ್ಯಾಡ್ಸ್ ಪೆಡರ್ಸನ್. ಎಲೀಟ್ ಪಟ್ಟ ಮೊದಲು ಸಿಕ್ಕಿದ್ದು ಪೆಡರ್ಸನ್‌ಗೆ, 2019ರಲ್ಲಿ. ವಾನ್ ಡರ್ ಪೂಲ್ ಕಾದದ್ದು 2023ರವರೆಗೆ. ಮುಂದಿನ ಸಾಲಿನಲ್ಲಿ ಪ್ರತಿಭೆ ಇದೆ ಎಂಬುದನ್ನು ರೇಸ್ ಹೇಳುತ್ತದೆ ಎನ್ನುವುದಾದರೆ ತಕರಾರಿಲ್ಲ. ಗೆದ್ದವರಿಗೂ ಆರನೆಯವರಿಗೂ ನಡುವಿನ ಅಂತರದಲ್ಲಿ ಭವಿಷ್ಯವನ್ನು ಹುಡುಕುವುದಕ್ಕೆ ಮಾತ್ರ ನನ್ನ ಆಕ್ಷೇಪ.

ಐವತ್ತೆರಡು ಹದಿನಾಲ್ಕು

ಮೆಕ್ಯಾನಿಕ್ ಕೆಲಸ ಮಾಡಿಕೊಂಡು ಬಂದವನಾದ್ದರಿಂದ ಯಂತ್ರದ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ. ಹಳೆಯ ಜೂನಿಯರ್ ಫಲಿತಾಂಶಗಳನ್ನು ಇಂದಿನ ಫಲಿತಾಂಶಗಳ ಪಕ್ಕದಲ್ಲಿಟ್ಟು ಹೋಲಿಸುವವರು 2023ರ ಜನವರಿಯಲ್ಲಿ ಬದಲಾದ ನಿಯಮವನ್ನು ಗಮನಿಸುವುದೇ ಇಲ್ಲ. ಅಲ್ಲಿಯವರೆಗೆ ಜೂನಿಯರ್ ಸವಾರರ ಗೇರಿಗೆ ಮಿತಿಯಿತ್ತು: ಪೆಡಲ್ ಒಂದು ಪೂರ್ತಿ ಸುತ್ತು ತಿರುಗಿದಾಗ ಸೈಕಲ್ 7.93 ಮೀಟರಿಗಿಂತ ಹೆಚ್ಚು ದೂರ ಸಾಗುವಂತಿರಲಿಲ್ಲ. ಮುಂದೆ 52 ಹಲ್ಲು, ಹಿಂದೆ 14 ಹಲ್ಲು ಹಾಕಿದರೆ ಆ ದೂರಕ್ಕೆ ಸರಿಹೋಗುತ್ತಿತ್ತು.

ಇದರ ತಪಾಸಣೆ ನೋಡುವಂತಿರುತ್ತಿತ್ತು. ನೆಲದ ಮೇಲೆ ಎರಡು ಗೆರೆ ಎಳೆದಿರುತ್ತಾರೆ. ಚೈನನ್ನು ಅತಿ ಭಾರದ ಗೇರಿಗೆ ಹಾಕಿ, ಕ್ರ್ಯಾಂಕನ್ನು ನೆಟ್ಟಗೆ ನಿಲ್ಲಿಸಿ, ತೀರ್ಪುಗಾರರು ಸೈಕಲ್ಲನ್ನು ಹಿಂದಕ್ಕೆ ತಳ್ಳುತ್ತಾರೆ. ಪೆಡಲ್ ಒಂದು ಸುತ್ತು ಮುಗಿಸಿ ಮತ್ತೆ ಮೊದಲಿನ ಜಾಗಕ್ಕೆ ಬರುವಷ್ಟರಲ್ಲಿ ಚಕ್ರ ಎರಡನೆಯ ಗೆರೆಯನ್ನು ದಾಟಿದ್ದರೆ ಆ ಸವಾರನ ಕಥೆ ಮುಗಿಯಿತು. ಟೈರು ಒಂದಿಷ್ಟು ದಪ್ಪವಾಗಿದ್ದರೂ ಸುತ್ತಳತೆ ಹೆಚ್ಚಿ, ಕೆಲವೇ ಮಿಲಿಮೀಟರುಗಳಲ್ಲಿ ಅನರ್ಹರಾಗುವ ಅಪಾಯವಿತ್ತು. ಹಾಗಾಗಿ ಟೈರಿನಲ್ಲಿ ಎಷ್ಟು ಗಾಳಿ ಇರಬೇಕು ಎಂಬುದನ್ನು ಮೆಕ್ಯಾನಿಕ್‌ಗಳು ವೇಗಕ್ಕಾಗಿ ಮಾತ್ರವಲ್ಲ, ಆ ಗೆರೆಗಾಗಿಯೂ ಲೆಕ್ಕ ಹಾಕುತ್ತಿದ್ದರು.

ಈಗ ಗಣಿತ ನೋಡಿ. 7.93 ಮೀಟರ್ ಗೇರಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗಲು ನಿಮಿಷಕ್ಕೆ ಸುಮಾರು 126 ಸುತ್ತು ಪೆಡಲ್ ತುಳಿಯಬೇಕು. ಇಂದು ಜೂನಿಯರ್‌ಗಳು ಮುಂದೆ 54, ಹಿಂದೆ 11 ಹಲ್ಲು ಹಾಕಿಕೊಂಡರೆ ಅದೇ ವೇಗಕ್ಕೆ ಸುಮಾರು 95 ಸುತ್ತು ಸಾಕು. ಮಿತಿಯಿದ್ದ ಕಾಲದಲ್ಲಿ ಇಳಿಜಾರಿನಲ್ಲಿ ತಪ್ಪಿಸಿಕೊಂಡು ಹೋಗುವುದು ಬಹಳ ಕಷ್ಟವಾಗಿತ್ತು, ಏಕೆಂದರೆ ಎಷ್ಟೇ ಬಲವಿದ್ದರೂ ಕಾಲು ಅದಕ್ಕಿಂತ ವೇಗವಾಗಿ ತಿರುಗಲಾರದು. ಕಾಲಿನ ಚುರುಕಿಗೆ ಬೆಲೆಯಿತ್ತು. ಕಚ್ಚಾ ಬಲಕ್ಕೆ ಅಷ್ಟು ಇರಲಿಲ್ಲ. ಈಗ ಬೇಗ ಬೆಳೆದು ಮೈಕಟ್ಟು ತುಂಬಿಕೊಂಡವರಿಗೆ ತಮ್ಮ ಬಲವನ್ನೆಲ್ಲ ರಸ್ತೆಗಿಳಿಸುವ ಅವಕಾಶ ಸಿಕ್ಕಿದೆ. ಬೆಳೆಯುವ ಮೊಣಕಾಲುಗಳನ್ನು ಕಾಪಾಡುವುದು ಹಳೆಯ ನಿಯಮದ ಉದ್ದೇಶವಾಗಿತ್ತು. ಅದನ್ನು ತೆಗೆದದ್ದು ಸರಿಯೋ ತಪ್ಪೋ ಎಂದು ಕೇಳಿದರೆ, ಉಪಕರಣ ಹೊಂದಿಸುವ ತಲೆನೋವು ತಪ್ಪಿದ್ದಕ್ಕೆ ಮೆಕ್ಯಾನಿಕ್ ಆಗಿ ನನಗೆ ಸಂತೋಷ. ಆದರೆ ಪೆಡಲ್ ತಿರುಗಿಸುವ ಕಲೆಯನ್ನು ಕಲಿಸಿಕೊಡುತ್ತಿದ್ದ ಒಂದು ಕಟ್ಟುನಿಟ್ಟಿನ ಮೇಷ್ಟರನ್ನು ಮನೆಗೆ ಕಳಿಸಿದಂತಾಯಿತು.

ಬೇಲಿಯಾಚೆ

ಏರುದಾರಿಯವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ರೇಸಿನ ಸ್ವರೂಪದಲ್ಲೇ ಇದೆ. ವೃತ್ತಿಪರ ರೇಸುಗಳಲ್ಲಿ ಸವಾರನ ಕಿವಿಯಲ್ಲಿ ರೇಡಿಯೊ ಇರುತ್ತದೆ. ಮುಂದೆ ಎಷ್ಟು ಜನ ತಪ್ಪಿಸಿಕೊಂಡಿದ್ದಾರೆ, ಅಂತರವೆಷ್ಟು, ಯಾವಾಗ ಬೆನ್ನಟ್ಟಬೇಕು ಎಂಬುದೆಲ್ಲ ಹಿಂದೆ ಬರುವ ತಂಡದ ಕಾರಿನಿಂದ ಹರಿದು ಬರುತ್ತದೆ. ವಿಶ್ವ ಚಾಂಪಿಯನ್‌ಶಿಪ್‌ನ ರಸ್ತೆ ರೇಸಿನಲ್ಲಿ ರೇಡಿಯೊ ಇಲ್ಲ. ಎಷ್ಟೋ ಸಲ ಸವಾರರಿಗೆ ಸಿಗುವ ಖಚಿತ ಸುದ್ದಿಯೆಂದರೆ ಮೋಟಾರ್‌ಸೈಕಲ್ಲಿನ ಹಿಂದೆ ಕುಳಿತವರು ಎತ್ತಿ ಹಿಡಿಯುವ ಹಲಗೆ, ಅದರ ಮೇಲೆ ಕೈಯಲ್ಲಿ ಬರೆದ ಅಂತರ ಮತ್ತು ಸವಾರರ ಸಂಖ್ಯೆಗಳು. ಆ ಹಲಗೆ ಕಣ್ಣಿಗೆ ಬೀಳುವ ಹೊತ್ತಿಗೆ ಅದರಲ್ಲಿನ ಸುದ್ದಿ ಹಳತಾಗಿರಬಹುದು. ಎಲೀಟ್ ಪುರುಷರ ಬಲಿಷ್ಠ ತಂಡಗಳಂತೆ ಒಬ್ಬ ನಾಯಕನಿಗಾಗಿ ನೂರಾರು ಕಿಲೋಮೀಟರ್ ಗಾಳಿ ತಡೆಯುವಷ್ಟು ಜನರೂ ಜೂನಿಯರ್ ತಂಡದಲ್ಲಿ ಇರುವುದಿಲ್ಲ; ಬಲಾಢ್ಯ ದೇಶಗಳಿಗೂ ಐದಾರು ಜನರಿಗಿಂತ ಹೆಚ್ಚು ಸಿಗುವುದಿಲ್ಲ, ಸಣ್ಣ ದೇಶಗಳಿಂದ ಒಬ್ಬರೋ ಇಬ್ಬರೋ ಬಂದಿರುತ್ತಾರೆ.

ಇದರ ಪರಿಣಾಮವೇನು? ರೇಸನ್ನು ಯಾರೂ ಹಿಡಿತದಲ್ಲಿ ಇಟ್ಟುಕೊಳ್ಳಲಾರರು. ಕಿಗಾಲಿಯ ಸುತ್ತು 15.1 ಕಿಲೋಮೀಟರ್ ಉದ್ದದ್ದು. ಅದರಲ್ಲಿ ಗಾಲ್ಫ್ ಮೈದಾನದ ಪಕ್ಕದ ಗಿಡ್ಡ ಕಡಿದಾದ ಏರು, ಆಮೇಲೆ ಕಿಮಿಹುರುರಾದ ಕಲ್ಲು ಹಾಸಿನ ಏರು. ಜೂನಿಯರ್ ಹುಡುಗಿಯರು 74 ಕಿಲೋಮೀಟರ್, ಹುಡುಗರು 119.3 ಕಿಲೋಮೀಟರ್ ಕ್ರಮಿಸಬೇಕಿತ್ತು. ಊರಿರುವುದು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ; ಅಲ್ಲಿ ವಾಯುಒತ್ತಡ ಸಮುದ್ರಮಟ್ಟದಲ್ಲಿರುವುದಕ್ಕಿಂತ ಸುಮಾರು ಆರನೇ ಒಂದು ಭಾಗ ಕಡಿಮೆ. ತಗ್ಗು ಪ್ರದೇಶದಿಂದ ಬಂದವರು ಮೊದಲ ಏರಿನಲ್ಲಿ ತಮ್ಮ ಅಭ್ಯಾಸದ ವೇಗದಲ್ಲೇ ಹೋದರೆ ಆ ಸಾಲ ತೀರುವುದೇ ಇಲ್ಲ, ಪ್ರತಿ ಸುತ್ತಿಗೂ ಬಡ್ಡಿ ಏರುತ್ತದೆ. ಇಂಥ ಕಡೆ ಗುಂಪು ಚೂರಾಗುತ್ತದೆ, ಬಲಶಾಲಿಯೊಬ್ಬ ದೂರದಿಂದಲೇ ಒಂಟಿಯಾಗಿ ಹೊರಟರೆ ಹಿಂದಿರುವವರು ಯಾರು ಎಳೆಯಬೇಕೆಂದು ಮುಖ ಮುಖ ನೋಡಿಕೊಳ್ಳುತ್ತಾರೆ. ಹಡ್ಸನ್ ಹಾಗೆಯೇ ಒಂಟಿಯಾಗಿ ಗೆದ್ದದ್ದು.

2018ರ ಇನ್ಸ್‌ಬ್ರುಕ್ ಇನ್ನೂ ಒಳ್ಳೆಯ ನಿದರ್ಶನ. ಹಿಂದಿನ ವರ್ಷದವರೆಗೂ ಫುಟ್‌ಬಾಲ್ ಆಡಿಕೊಂಡಿದ್ದ ಎವೆನೆಪೂಲ್ ಒಂದು ಬೀಳುವಿಕೆಯಲ್ಲಿ ಸಿಕ್ಕಿಹಾಕಿಕೊಂಡು ಮುಂದಿನವರಿಗಿಂತ ಎರಡು ನಿಮಿಷದಷ್ಟು ಹಿಂದೆ ಬಿದ್ದರು. ಅಲ್ಲಿಂದ ಒಬ್ಬೊಬ್ಬರನ್ನೇ ದಾಟುತ್ತ ಮುಂದೆ ಬಂದು, ಕೊನೆಗೆ ಜೊತೆಗುಳಿದಿದ್ದ ಜರ್ಮನಿಯ ಮಾರಿಯಸ್ ಮೈರ್‌ಹೋಫರ್ ಅವರನ್ನೂ ಬಿಟ್ಟು, ಒಂದು ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ವೃತ್ತಿಪರ ರೇಸಿನಲ್ಲಿ ಎದುರಾಳಿ ತಂಡಗಳಿಗೆ ರೇಡಿಯೊದಲ್ಲಿ ಸುದ್ದಿ ಮುಟ್ಟಿ, ಅವರು ಮುಂದೆ ನಿಂತು ವೇಗ ಏರಿಸಿ, ಅವನನ್ನು ಹಿಂದೆಯೇ ಉಳಿಸುತ್ತಿದ್ದರು. ಜೂನಿಯರ್ ರೇಸಿನಲ್ಲಿ ಸವಾರನ ನಿರ್ಧಾರ ಸವಾರನದೇ. ಭವಿಷ್ಯವನ್ನು ಹೇಳದಿದ್ದರೂ ಪರವಾಗಿಲ್ಲ, ಈ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಬೇಕು.

ಹಿಂಬದಿ ಚಕ್ರ

ಬೇಲಿಯಾಚೆಯವರೇ, ರೇಡಿಯೊ ಇಲ್ಲದಿರುವುದನ್ನು ನೀವು ಸ್ವಾತಂತ್ರ್ಯ ಎಂದು ಮೆಚ್ಚಿಕೊಂಡಿರಿ. ಅದಕ್ಕೆ ತೆರಬೇಕಾಗುವ ಬೆಲೆಯ ಬಗ್ಗೆಯೂ ಇಲ್ಲಿ ಮಾತನಾಡಬೇಕು. 2024ರ ಸೆಪ್ಟೆಂಬರ್ 26ರಂದು ಜ್ಯೂರಿಕ್‌ನಲ್ಲಿ ಜೂನಿಯರ್ ಮಹಿಳೆಯರ ರೇಸ್ ಮಳೆಯಲ್ಲಿ ನಡೆಯಿತು. ಆತಿಥೇಯ ದೇಶದ 18 ವರ್ಷದ ಮ್ಯುರಿಯಲ್ ಫ್ಯುರರ್ ಕಾಡಿನ ನಡುವಿನ ರಸ್ತೆಯಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟಾಯಿತು. ಆಕೆ ರೇಸಿನಲ್ಲಿ ಇಲ್ಲ ಎಂಬುದು ಬಹಳ ಹೊತ್ತು ಗಮನಕ್ಕೆ ಬರಲಿಲ್ಲ. ಹುಡುಕಿ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಲಾಯಿತಾದರೂ ಮರುದಿನ ತೀರಿಕೊಂಡರು. ಬೇಗ ಸಿಕ್ಕಿದ್ದರೆ ಬದುಕುತ್ತಿದ್ದರೇ ಎಂದು ಹೊರಗೆ ಕುಳಿತ ನಾವು ಹೇಳಲು ಹೋಗಬಾರದು. ಆದರೆ ವಿಶ್ವ ಮಟ್ಟದ ಸ್ಪರ್ಧೆಯಲ್ಲಿ, ಸುತ್ತುಗಳಲ್ಲಿ ನಡೆಯುವ ರೇಸಿನಲ್ಲಿ, ಒಬ್ಬ ಸ್ಪರ್ಧಿ ಕಾಣೆಯಾದದ್ದು ತಿಳಿಯದೇ ಹೋದದ್ದು ವ್ಯವಸ್ಥೆಯ ಲೋಪ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಜೂನಿಯರ್ ವಿಭಾಗದಲ್ಲಿ ಈ ಅಪಾಯ ಹೆಚ್ಚು ಎನ್ನಲು ಕಾರಣಗಳಿವೆ. ಗುಂಪು ಬೇಗ ಚೂರಾಗುವುದರಿಂದ ಒಂಟಿಯಾಗಿ ಓಡುವವರು ಹೆಚ್ಚು. ಒಬ್ಬೊಬ್ಬರೇ ಸ್ಪರ್ಧಿಗಳಿರುವ ದೇಶಗಳ ಸವಾರರನ್ನು ಹುಡುಕುವ ತಂಡದ ಗೆಳತಿಯೂ ಇರುವುದಿಲ್ಲ. ಹಿಂದೆ ಬಿದ್ದವರು ರೇಸ್ ಬಿಟ್ಟಿರಬಹುದು ಎಂದುಕೊಳ್ಳುವುದು ಎಲ್ಲರಿಗೂ ಸುಲಭ.

ಬೇಲಿಯಾಚೆ

ನಿಮ್ಮ ಮಾತಿನ ತೂಕ ನನಗೆ ಅರ್ಥವಾಗುತ್ತದೆ, ಹಾಗಾಗಿಯೇ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡೋಣ ಎನ್ನುತ್ತೇನೆ. ಸವಾರ ಎಲ್ಲಿದ್ದಾನೆ ಎಂದು ಸಂಘಟಕರಿಗೆ ತಿಳಿಯಬೇಕು. ಅದಕ್ಕೆ ಬೇಕಾದದ್ದು ಜಿಪಿಎಸ್. ಸವಾರ ಏನು ಮಾಡಬೇಕು ಎಂದು ಕಾರಿನಿಂದ ಹೇಳುವುದು ರೇಡಿಯೊ. ಮೊದಲನೆಯದಕ್ಕೆ ಎರಡನೆಯದು ಬೇಕೇ ಬೇಕು ಎಂದೇನಿಲ್ಲ. ಕಿಗಾಲಿಯಲ್ಲಿ ಎಲ್ಲ ವಿಭಾಗಗಳ ರೇಸುಗಳಲ್ಲೂ ಜಿಪಿಎಸ್ ಅಳವಡಿಸಿದರು. ಚಲಿಸುತ್ತಿದ್ದ ಸವಾರ ಇದ್ದಕ್ಕಿದ್ದಂತೆ ನಿಂತುಹೋದರೆ ನಿಯಂತ್ರಣ ಕೊಠಡಿಯಲ್ಲಿ ಕುಳಿತವರಿಗೆ ಅದು ಕಾಣುತ್ತದೆ. ಆಟದ ಸ್ವರೂಪ ಅದರಿಂದ ಒಂದಿಷ್ಟೂ ಬದಲಾಗಲಿಲ್ಲ.

ಹಿಂಬದಿ ಚಕ್ರ

ಒಪ್ಪಿದೆ, ಆದರೆ ಅದು ಸಲೀಸಾಗಿ ಬಂದದ್ದಲ್ಲ ಎಂಬುದನ್ನೂ ಸೇರಿಸಿಕೊಳ್ಳಿ. 2025ರ ಆಗಸ್ಟಿನಲ್ಲಿ ಮಹಿಳೆಯರ ಟೂರ್ ದ ರೊಮಾಂಡಿಯಲ್ಲಿ ಇದರ ಪ್ರಯೋಗಕ್ಕೆಂದು ಪ್ರತಿ ತಂಡದಿಂದ ಒಬ್ಬ ಸ್ಪರ್ಧಿಗೆ ಉಪಕರಣ ಕಟ್ಟಲು ಕೇಳಿದಾಗ, ಯಾರು ಹೊರಬೇಕೆಂದು ಹೆಸರಿಸಲು ಒಪ್ಪದ ಐದು ತಂಡಗಳನ್ನು ರೇಸಿನಿಂದಲೇ ಹೊರಗಿಡಲಾಯಿತು. ಸುರಕ್ಷತೆ ಬೇಡವೆಂದು ಆ ತಂಡಗಳೂ ಹೇಳಿರಲಿಲ್ಲ. ಯಾರು, ಹೇಗೆ, ಯಾರ ಹೊಣೆಯಲ್ಲಿ ಎಂಬುದು ಜಗಳ. ವೃತ್ತಿಪರ ತಂಡಗಳಿಗೆ ಜಗಳವಾಡಲು ಬಲವಿದೆ. ಹದಿನೇಳರ ಹುಡುಗಿಯ ಪರವಾಗಿ ಆ ಕೋಣೆಯಲ್ಲಿ ಕುಳಿತು ಮಾತನಾಡುವವರು ಯಾರು ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ತರಬೇತಿ ಪುಸ್ತಕ

ಚರ್ಚೆ ಸುರಕ್ಷತೆಯ ಕಡೆ ಹೋದದ್ದು ಒಳ್ಳೆಯದೇ ಆಯಿತು. ನಾನು ಮೂಲ ಪ್ರಶ್ನೆಗೆ ಮರಳಿ ವಯಸ್ಸಿನ ಲೆಕ್ಕದ ಬಗ್ಗೆ ಹೇಳಬೇಕು. ಜೂನಿಯರ್ ಎಂದರೆ 17 ಮತ್ತು 18 ವರ್ಷದವರು. ಅದನ್ನು ಎಣಿಸುವುದು ಹುಟ್ಟಿದ ದಿನದಿಂದಲ್ಲ, ಹುಟ್ಟಿದ ಇಸವಿಯಿಂದ. ಜನವರಿಯಲ್ಲಿ ಹುಟ್ಟಿದ ಎರಡನೆಯ ವರ್ಷದ ಜೂನಿಯರ್ ಪಕ್ಕದಲ್ಲಿ, ಡಿಸೆಂಬರಿನಲ್ಲಿ ಹುಟ್ಟಿದ ಮೊದಲ ವರ್ಷದ ಜೂನಿಯರ್ ನಿಂತಿದ್ದರೆ ಇಬ್ಬರ ನಡುವೆ ಹೆಚ್ಚುಕಡಿಮೆ ಎರಡು ವರ್ಷಗಳ ಅಂತರ. ಆ ವಯಸ್ಸಿನಲ್ಲಿ ಎರಡು ವರ್ಷವೆಂದರೆ ಎಲುಬು, ಸ್ನಾಯು, ಹೃದಯ, ಶ್ವಾಸಕೋಶ ಎಲ್ಲದರಲ್ಲೂ ವ್ಯತ್ಯಾಸ. ಇಬ್ಬರೂ ಒಂದೇ ಗೆರೆಯಿಂದ ಹೊರಡುತ್ತಾರೆ, ಒಂದೇ ಪಟ್ಟಕ್ಕೆ ಸೆಣಸುತ್ತಾರೆ.

ಹಾಗಾಗಿ ನಾನು ಫಲಿತಾಂಶಪಟ್ಟಿಯನ್ನು ಓದುವಾಗ ಸ್ಥಾನಕ್ಕಿಂತ ಮೊದಲು ಹುಟ್ಟಿದ ತಿಂಗಳನ್ನು ನೋಡುತ್ತೇನೆ. 2023ರಲ್ಲಿ ಗ್ಲಾಸ್ಗೊದಲ್ಲಿ ಗೆದ್ದ ಡೆನ್ಮಾರ್ಕಿನ ಆಲ್ಬರ್ಟ್ ವಿಥೆನ್ ಫಿಲಿಪ್ಸನ್ ಆಗ ಇನ್ನೂ 16 ವರ್ಷದವರು, ಮೊದಲ ವರ್ಷದ ಜೂನಿಯರ್. ಫಿನ್ ಕೂಡ ಅದೇ 2006ರಲ್ಲಿ, ಡಿಸೆಂಬರಿನಲ್ಲಿ ಹುಟ್ಟಿದವರು. 2024ರ ಜ್ಯೂರಿಕ್ ಮಳೆಯಲ್ಲಿ ಜೂನಿಯರ್ ಪಟ್ಟ ಗೆದ್ದಾಗ ಅವರಿಗೆ 17 ತುಂಬಿತ್ತು ಅಷ್ಟೆ. ಕಿಗಾಲಿಯಲ್ಲಿ ತನಗಿಂತ ಮೂರು ನಾಲ್ಕು ವರ್ಷ ದೊಡ್ಡವರನ್ನು ಸೋಲಿಸಿದಾಗ 18. ವಯಸ್ಸಿನ ಅನುಕೂಲವಿಲ್ಲದೆ ಬಂದ ಗೆಲುವು ಆ ಅನುಕೂಲದಿಂದ ಬಂದದ್ದಕ್ಕಿಂತ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅನಿಸಿಕೆ, ಏರುದಾರಿಯವರು ಒಪ್ಪಲಿ ಬಿಡಲಿ.

ಇನ್ನೊಂದು ಕಷ್ಟವನ್ನು ತರಬೇತಿ ಕೊಡುವವರೆಲ್ಲ ಬಲ್ಲರು. ಈಗ ಹದಿನೇಳರ ಹುಡುಗರ ಸೈಕಲ್ಲಿನಲ್ಲೂ ಪವರ್ ಮೀಟರ್ (ತುಳಿಯುವ ಬಲವನ್ನು ಅಳೆಯುವ ಸಾಧನ) ಇದೆ, ಅದರ ಅಂಕಿಗಳು ಅವರ ಹೆತ್ತವರಿಗಿಂತ ಮೊದಲು ತಂಡಗಳ ಕೈ ಸೇರುತ್ತವೆ. ವಿಶ್ವ ಚಾಂಪಿಯನ್‌ಶಿಪ್ ಒಂದು ದಿನದ ಪರೀಕ್ಷೆಯಾಗಿ ಉಳಿದಿಲ್ಲ. ಅದಕ್ಕೆ ಮೊದಲೇ ಒಪ್ಪಂದ ಮುಗಿದಿರುವುದುಂಟು. ಹೀಗಿರುವಾಗ ಅಲ್ಲಿ ಸೋತವರು ತಮ್ಮ ಬದುಕೇ ಸೋತಿತೆಂದು ತಿಳಿಯುವುದು ಎಷ್ಟು ಅನಗತ್ಯ!

ಜೊತೆಸವಾರಿ

ಗಡಿಯಾರದ ಮುಳ್ಳು ಅವರು ಮಹಿಳೆಯರಲ್ಲಿ ಜೂನಿಯರ್ ಪಟ್ಟದಿಂದ ಎಲೀಟ್ ಪಟ್ಟದವರೆಗಿನ ದಾರಿ ನೇರವಾಗಿದೆ ಎಂದರು. ಅದು ಏಕೆ ನೇರವಾಗಿತ್ತು ಎಂದು ಕೇಳಿಕೊಂಡರೆ ಅಷ್ಟು ಸಂತೋಷಪಡುವ ವಿಷಯವೇನಲ್ಲ. ನಡುವೆ ಮೆಟ್ಟಿಲೇ ಇರಲಿಲ್ಲ! ಹುಡುಗರಿಗೆ 1996ರಿಂದ 19ರಿಂದ 22ರವರೆಗೆ ಪ್ರತ್ಯೇಕ ವಿಭಾಗವಿತ್ತು. 18 ತುಂಬಿದ ಹುಡುಗಿ ಮರುವರ್ಷವೇ ಮೂವತ್ತರ ಅನುಭವಿಗಳ ಜೊತೆ ನಿಲ್ಲಬೇಕಿತ್ತು. ವೋಸ್ ಅವರಂಥವರು ಆ ಕಂದಕವನ್ನು ಹಾರಿದರು. ಹಾರಲಾಗದವರ ಹೆಸರು ನಮ್ಮ ಪಟ್ಟಿಗಳಲ್ಲಿ ಇಲ್ಲ.

2022ರಲ್ಲಿ ವೊಲೊಂಗಾಂಗ್‌ನಲ್ಲಿ 23 ವರ್ಷದೊಳಗಿನ ಮಹಿಳೆಯರಿಗೆ ಪಟ್ಟ ಕೊಡಲು ಆರಂಭಿಸಿದರು, ಆದರೆ ಪ್ರತ್ಯೇಕ ರೇಸ್ ಇಡಲಿಲ್ಲ. ಎಲೀಟ್ ರೇಸಿನಲ್ಲೇ ಓಡಿ, ಆ ವಯಸ್ಸಿನವರಲ್ಲಿ ಮೊದಲು ಬಂದವರಿಗೆ ಜೆರ್ಸಿ. ನ್ಯೂಜಿಲೆಂಡಿನ ನಿಯಾಮ್ ಫಿಶರ್-ಬ್ಲ್ಯಾಕ್, ಹಂಗೆರಿಯ ಬ್ಲಾಂಕಾ ವಾಸ್, ನೆದರ್ಲೆಂಡ್ಸಿನ ಪುಕ್ ಪೀಟರ್ಸೆ ಹೀಗೆ ಗೆದ್ದವರು. ಈ ಏರ್ಪಾಡಿನಲ್ಲಿ ಒಂದು ಅಸಂಬದ್ಧತೆಯಿತ್ತು: ತನ್ನ ದೇಶದ ಎಲೀಟ್ ನಾಯಕಿಗಾಗಿ ಗಾಳಿ ತಡೆದು ಬಳಲಿದ ಇಪ್ಪತ್ತರ ಹುಡುಗಿ ಅದೇ ಹೊತ್ತಿನಲ್ಲಿ ತನ್ನ ಪಟ್ಟವನ್ನು ಕಳೆದುಕೊಳ್ಳುತ್ತಿದ್ದಳು. ಕಿಗಾಲಿಯಲ್ಲಿ ಮೊದಲ ಬಾರಿಗೆ ಅವರಿಗೆ ಸ್ವಂತ ರೇಸ್ ದೊರೆಯಿತು, 119.3 ಕಿಲೋಮೀಟರಿನದು. ಸೆಲಿಯಾ ಜೆರಿ ಮೊದಲು, ಸ್ಲೊವಾಕಿಯಾದ ವಿಕ್ಟೋರಿಯಾ ಹ್ಲಾಡೊನ್ಯೊವಾ ಎರಡನೆಯವರು, ಸ್ಪೇನಿನ ಪೌಲಾ ಬ್ಲಾಸಿ ಮೂರನೆಯವರು. ಆ ರೇಸನ್ನು ಮುನ್ಸೂಚನೆ ಎಂದು ಓದಲು ನಮ್ಮ ಬಳಿ ಇನ್ನೂ ಹಿಂದಿನ ದಾಖಲೆಯೇ ಇಲ್ಲ. ಒಂದು ರೀತಿಯಲ್ಲಿ ಏರುದಾರಿಯವರು ಬಯಸುವಂತೆ ನೋಡಬಹುದಾದ ರೇಸ್ ಅದೊಂದೇ.

ದೂರದ ಊರು

ಈವರೆಗೆ ಎಲ್ಲರೂ ಸೌಕರ್ಯವಿರುವ ದೇಶಗಳ ಸವಾರರ ಬಗ್ಗೆಯೇ ಬರೆದಿದ್ದೀರಿ. ಸೈಕ್ಲಿಂಗ್ ವ್ಯವಸ್ಥೆ ಬೆಳೆಯದ ದೇಶಗಳಿಂದ ಬಂದವರಿಗೆ ಈ ಕಿರಿಯರ ರೇಸುಗಳ ಅರ್ಥವೇ ಬೇರೆ. ಕ್ರಿಸ್ ಫ್ರೂಮ್ 2006ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಕೀನ್ಯಾದ ಪರವಾಗಿ 23 ವರ್ಷದೊಳಗಿನವರ ಟೈಮ್ ಟ್ರಯಲ್‌ಗೆ ಇಳಿದಾಗ, ಹೊರಟ ಕೆಲವೇ ಕ್ಷಣಗಳಲ್ಲಿ ರಸ್ತೆಯಲ್ಲಿದ್ದ ಅಧಿಕಾರಿಯೊಬ್ಬರಿಗೆ ಡಿಕ್ಕಿ ಹೊಡೆದು ಇಬ್ಬರೂ ಬಿದ್ದರು. ಆ ದಿನದ ಫಲಿತಾಂಶ ನೋಡಿದವರು ಯಾರೂ ಈ ಹುಡುಗ ನಾಲ್ಕು ಸಲ ಟೂರ್ ದ ಫ್ರಾನ್ಸ್ ಗೆಲ್ಲುತ್ತಾನೆ ಎಂದುಕೊಂಡಿರಲಾರರು. ಆದರೆ ಅಲ್ಲಿಗೆ ಬಂದದ್ದೇ ಮುಖ್ಯವಾಯಿತು. ಮರುವರ್ಷ ಅವರು ಸ್ವಿಟ್ಜರ್ಲೆಂಡಿನ ಎಗ್ಲ್‌ನಲ್ಲಿರುವ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ವಿಶ್ವ ಸೈಕ್ಲಿಂಗ್ ಕೇಂದ್ರದಲ್ಲಿ ತರಬೇತಿ ಪಡೆದರು.

ಅದೇ ಕೇಂದ್ರದಲ್ಲಿ ಕಲಿತ ಎರಿಟ್ರಿಯಾದ ಬಿನಿಯಮ್ ಗಿರ್ಮಾಯ್ 2021ರಲ್ಲಿ ಲೂವೆನ್‌ನಲ್ಲಿ 23 ವರ್ಷದೊಳಗಿನವರ ರಸ್ತೆ ರೇಸಿನಲ್ಲಿ ಬೆಳ್ಳಿ ಗೆದ್ದರು. ರಸ್ತೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪದಕ ಪಡೆದ ಮೊದಲ ಕಪ್ಪು ಆಫ್ರಿಕನ್ ಸವಾರ ಅವರು. ಮುಂದೆ ಅವರು ಗೆದ್ದದ್ದು 2022ರಲ್ಲಿ ಗೆಂಟ್–ವೆವೆಲ್ಗೆಮ್ ರೇಸ್, 2024ರಲ್ಲಿ ಟೂರ್ ದ ಫ್ರಾನ್ಸ್‌ನ ಮೂರು ಹಂತಗಳು ಮತ್ತು ಅಂಕಗಳಲ್ಲಿ ಮೊದಲಿಗರಿಗೆ ಸಿಗುವ ಹಸಿರು ಜೆರ್ಸಿ. ಗೆದ್ದವರ ಮೇಲೆ ಮಾತ್ರ ಕಣ್ಣಿಟ್ಟರೆ ಆ ದಿನ ಮೊದಲು ಬಂದವರು ಇಟಲಿಯ ಫಿಲಿಪ್ಪೊ ಬರೊಂಚಿನಿ. ಎರಡನೆಯ ಸ್ಥಾನ ಒಂದು ಖಂಡಕ್ಕೆ ಬಾಗಿಲು ತೆರೆಯಿತು.

ಏರುದಾರಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ದೂರದ ಊರು ಅವರ ಉದಾಹರಣೆ ನನ್ನನ್ನು ಒಂದು ತೊಡಕಿಗೆ ತಂದು ನಿಲ್ಲಿಸಿದೆ. 2025ರಿಂದ ಪುರುಷರ ವರ್ಲ್ಡ್ ಟೀಮ್ ಮತ್ತು ಪ್ರೊ ಟೀಮ್‌ಗಳ (ವೃತ್ತಿಪರ ಸೈಕ್ಲಿಂಗಿನ ಮೇಲಿನ ಎರಡು ದರ್ಜೆಯ ತಂಡಗಳ) ಸವಾರರು 23 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸ್ಪರ್ಧಿಸುವಂತಿಲ್ಲ. ನಾನು ಈ ನಿಯಮದ ಪರವಾಗಿದ್ದೇನೆ. 2022ರಲ್ಲಿ ಗೆದ್ದ ಕಜಕಸ್ತಾನದ ಯೆವ್‌ಗೆನಿ ಫೆಡೊರೊವ್ ಆಗಲೇ ವರ್ಲ್ಡ್ ಟೀಮ್ ಸವಾರರು. ವರ್ಷವಿಡೀ ದೊಡ್ಡ ರೇಸುಗಳಲ್ಲಿ ಪಳಗಿದವರನ್ನು ಸಣ್ಣ ತಂಡಗಳಲ್ಲಿ ಓಡುವ ಹುಡುಗರ ಪಕ್ಕ ನಿಲ್ಲಿಸುವುದು ಸರಿಯಲ್ಲ. ಆದರೆ ಗಿರ್ಮಾಯ್ ಬೆಳ್ಳಿ ಗೆದ್ದಾಗ ಅವರೂ ವರ್ಲ್ಡ್ ಟೀಮ್ ಸೇರಿಯಾಗಿತ್ತು. ಇಂದಿನ ನಿಯಮ ಅಂದು ಇದ್ದಿದ್ದರೆ ಆ ಪದಕವೇ ಇರುತ್ತಿರಲಿಲ್ಲ.

ದೂರದ ಊರು

ನಾನು ಹೇಳಬೇಕೆಂದಿದ್ದದ್ದೂ ಅದನ್ನೇ. ಆದರೂ ನಿಯಮ ಬೇಡ ಎನ್ನಲಾರೆ. ಗಿರ್ಮಾಯ್ ಅವರಿಗೆ ಆ ಹೊತ್ತಿಗೆ ತಂಡ ಸಿಕ್ಕಿತ್ತು. ತಂಡವೇ ಸಿಗದ ಮುಂದಿನ ಹುಡುಗನಿಗೆ ಆ ಜಾಗ ಹೆಚ್ಚು ಬೇಕು. ವೃತ್ತಿಪರರು ಹೊರಗಿದ್ದರೆ ಮೊದಲ ಇಪ್ಪತ್ತರಲ್ಲಿ ಹೊಸ ಹೆಸರುಗಳು ಕಾಣಿಸುತ್ತವೆ, ತಂಡಗಳ ಕಣ್ಣಿಗೆ ಬೀಳುತ್ತವೆ.

ಗಡಿಯಾರದ ಮುಳ್ಳು

ದೊಡ್ಡ ತಂಡಗಳು ಇದಕ್ಕೂ ದಾರಿ ಹುಡುಕಿಕೊಂಡಿವೆ ಎಂಬುದನ್ನು ಮರೆಯಬೇಡಿ. ಫಿನ್ ಆಗಲಿ, ಕಿಗಾಲಿಯಲ್ಲಿ ಟೈಮ್ ಟ್ರಯಲ್ ಗೆದ್ದ ಸ್ವೀಡನ್ನಿನ ಯಾಕೊಬ್ ಸೋಡರ್‌ಕ್ವಿಸ್ಟ್ ಆಗಲಿ, ವರ್ಲ್ಡ್ ಟೀಮ್‌ಗಳು ಕಟ್ಟಿಕೊಂಡಿರುವ ಕಿರಿಯರ ತಂಡಗಳಲ್ಲಿದ್ದವರು. ಅದೇ ತರಬೇತಿ, ಅದೇ ಸೈಕಲ್, ಅದೇ ಗಾಳಿಸುರಂಗ. ಕಾಗದದ ಮೇಲೆ ಮಾತ್ರ ಬೇರೆ ತಂಡ. ನಿಯಮ ಅಂತರವನ್ನು ತಗ್ಗಿಸಿದೆ, ಅಳಿಸಿಲ್ಲ.

ಐವತ್ತೆರಡು ಹದಿನಾಲ್ಕು

ಒಂದು ಸಣ್ಣ ಪ್ರಶ್ನೆ. ಫಿನ್ 2026ರಲ್ಲಿ ವಿಶ್ವ ಚಾಂಪಿಯನ್ನರಿಗೆ ಸಿಗುವ ಕಾಮನಬಿಲ್ಲಿನ ಪಟ್ಟೆಗಳ ಜೆರ್ಸಿ ತೊಟ್ಟು ಎಲ್ಲ ರೇಸುಗಳಲ್ಲೂ ಕಾಣಿಸಿಕೊಳ್ಳಬಹುದೇ?

ಏರುದಾರಿ

ಇಲ್ಲ. ಯಾವ ವಿಭಾಗದಲ್ಲಿ ಗೆದ್ದಿದ್ದಾರೋ ಆ ವಿಭಾಗದ ರಸ್ತೆ ರೇಸುಗಳಲ್ಲಿ ಮಾತ್ರ ಆ ಜೆರ್ಸಿ ತೊಡಬಹುದು. ಎರಡನೆಯ ವರ್ಷದಲ್ಲಿ ಗೆದ್ದ ಜೂನಿಯರ್ ಚಾಂಪಿಯನ್, ಜನವರಿ ಬಂದರೆ ವಿಭಾಗ ದಾಟಿಬಿಡುವುದರಿಂದ, ಜೆರ್ಸಿಯನ್ನು ಹೆಚ್ಚುಕಡಿಮೆ ತೊಡುವುದೇ ಇಲ್ಲ. ಫಿನ್ ಹುಟ್ಟಿದ್ದು 2006ರಲ್ಲಿ. ವಯಸ್ಸಿನ ಲೆಕ್ಕದಲ್ಲಿ ಅವರು 2028ರವರೆಗೆ 23 ವರ್ಷದೊಳಗಿನವರ ವಿಭಾಗದಲ್ಲೇ ಓಡಬಹುದು, 2026ರಲ್ಲಿ ಮಾಂಟ್ರಿಯಲ್‌ನಲ್ಲಿ ಪಟ್ಟವನ್ನು ಉಳಿಸಿಕೊಳ್ಳಲೂ ಪ್ರಯತ್ನಿಸಬಹುದು. ಅಷ್ಟರೊಳಗೆ ಅವರನ್ನು ಹಿರಿಯರ ತಂಡಕ್ಕೆ ಏರಿಸಿದರೆ ಆ ಅವಕಾಶ ಹೋಗುತ್ತದೆ. ಹಾಗಾಗಿ ಅವರು ಆ ಗೆರೆಯಲ್ಲಿ ಮತ್ತೆ ನಿಲ್ಲುತ್ತಾರೋ ಇಲ್ಲವೋ ಎಂಬುದನ್ನು ಕಾಲುಗಳ ಬಲಕ್ಕಿಂತ ಹೆಚ್ಚಾಗಿ ಯಾವ ತಂಡದ ಒಪ್ಪಂದಕ್ಕೆ, ಯಾವ ದಿನಾಂಕದಿಂದ ಸಹಿ ಹಾಕುತ್ತಾರೆ ಎಂಬುದು ನಿರ್ಧರಿಸುತ್ತದೆ.